ಗೋಣಿಬೀಡಿನಲ್ಲಿ ಜಪಾನಿನ ಗುಂಡಿ

ಗೋಣಿಬೀಡಿನ ಎಸ್ಟೇಟಿಗೆ ಕಾಫಿ ಕೊಳ್ಳಲು ಬಂದ ಜಪಾನಿನವರೊಬ್ಬರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವುದು ಅವತ್ತು ನನ್ನ ಕೆಲಸ. ಕಾಫಿ ಗಿಡಕ್ಕೆ ಗುಂಡಿ ತೋಡುವುದನ್ನು ಕಂಡ ಕೂಡಲೇ ಅವರ ಕಣ್ಣು ತುಂಬಿತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅವಸರಕ್ಕೆ ಕಟ್ಟಿದ ಕಾಲಾಳುಗಳ ಡಿವಿಷನ್ನಿನಲ್ಲಿ ಅವರ ತಾತ ಇದ್ದರಂತೆ. ಶತ್ರು ಬಂದರೆ ಅಡಗಿ ಗುಂಡು ಹಾರಿಸಲೆಂದು ಕಡಲ ದಂಡೆಯಲ್ಲಿ ಬರೀ ಗುಂಡಿ ತೋಡಿದರಂತೆ. ಅವರು ಬರುವ ಮೊದಲೇ ಯುದ್ಧ ಮುಗಿದು, ಕಟ್ಟಿದ ಕೆಲವೇ ತಿಂಗಳಿಗೆ ಡಿವಿಷನ್ನನ್ನೂ ಮುಚ್ಚಿದರಂತೆ.

ಮೇಸ್ತ್ರಿ ಮಂಜಣ್ಣನಿಗೆ ಇದನ್ನು ಹೇಳಿದೆ. "ಅಷ್ಟು ಗುಂಡಿ ತೋಡಿ ಒಂದು ಗಿಡಾನೂ ನೆಡ್ಲಿಲ್ವಾ ಮಾರಾಯ್ರೇ?" ಎಂದ.

ತಾತನ ನೆನಪಿಗೆ ತಾನೂ ಒಂದು ತೋಡುತ್ತೇನೆಂದು ಅತಿಥಿ ಗುದ್ದಲಿ ಹಿಡಿದರು. ಅರ್ಧ ಗಂಟೆ ಬೆವರು ಸುರಿಸಿದರು. ಯಾರ ಗುಂಡಿಯನ್ನೂ ಅಳೆಯದೆ ಬಿಡುವವನಲ್ಲ ಮಂಜಣ್ಣ. ತನ್ನ ಅಳತೆ ಕೋಲು ಇಳಿಸಿದ. ಅದು ಗೇಣುದ್ದ ಮೇಲೆಯೇ ನಿಂತಿತು; ಗುಂಡಿಯ ಆಳ ಅಷ್ಟು ಕಡಿಮೆ.

"ಆ ಡಿವಿಷನ್ ಯಾಕೆ ಬೇಗ ಮುಚ್ಚಿದ್ರು ಅಂತ ಈಗ ಗೊತ್ತಾಯ್ತು," ಎಂದ.

ವ್ಯಾಪಾರ ಕೆಟ್ಟೀತೆಂದು ಹೆದರಿ, "ನಿಮ್ಮ ತಾತನಿಗೆ ಗೌರವ ಸಲ್ಲಿಸ್ತಿದ್ದಾರೆ," ಎಂದು ಅನುವಾದಿಸಿದೆ. ಅವರು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಮಂಜಣ್ಣನೂ ಅಷ್ಟೇ ಬಗ್ಗಿ ನಮಸ್ಕರಿಸಿ, ಗುದ್ದಲಿಯನ್ನು ಮತ್ತೆ ಅವರ ಕೈಗೇ ಕೊಟ್ಟ.

ಹಾಗಾಗಿ ಆ ಡಿವಿಷನ್ನು ಗೋಣಿಬೀಡಿನಲ್ಲಿ ಇನ್ನೂ ಇಪ್ಪತ್ತು ನಿಮಿಷ ಬದುಕಿತು.