ಭಾನುವಾರ ನನ್ನ ಹೆಸರು ಕೂಗಿಸಿದವರು

ಕೊಪ್ಪಳ ಸೀಮೆಯ ಹೆಣ್ಣುಮಕ್ಕಳಿಗೆ ಗಣಿತದ ಭಯ ಬಿಡಿಸಿದವರನ್ನು ನೆನೆಯುವಾಗ, ನೆದರ್ಲೆಂಡ್ಸಿನಿಂದ ಎರಡು ವರ್ಷಕ್ಕೆಂದು ಸ್ವಯಂಸೇವಕಿಯಾಗಿ ಬಂದು, ಅಳವಂಡಿ ಸಮೀಪದ ನಮ್ಮ ವಸತಿ ಶಾಲೆಯಲ್ಲಿ ಇಪ್ಪತ್ತೊಂದು ವರ್ಷ ನಿಂತುಬಿಟ್ಟ ಪೂಜ್ಯ ಆನ್ನೆಕೆ ಮೇಡಂ ಅವರ ಹೆಸರು ಮೊದಲಿಗೇ ಬರುತ್ತದೆ. ಅವರ ಬೋಧನೆಯ ಹಿರಿಮೆಯನ್ನು ಈ ಅಭಿನಂದನ ಸಂಪುಟದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ನಾಲ್ಕು ಜನರೆದುರು ಬಾಯಿ ಬಿಡಲಾರದ ನಾನು, ಹಳೆಯ ಡೈರಿ ನೋಡಿಕೊಂಡು, ಭಾನುವಾರಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ನಾನು ಬೇವೂರಿನಿಂದ ಆರನೆಯ ತರಗತಿಗೆ ಸೇರಿದ ವರ್ಷ ಅವ್ವ ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗಿದ್ದಳು. ಅಲ್ಲಿ ಭಾನುವಾರಕ್ಕೂ ಬಿಡುವಿರಲಿಲ್ಲ. ಭಾನುವಾರವೇ ಮನೆಯವರ ಭೆಟ್ಟಿಯ ದಿನ; ಅಂದು ಹುಡುಗಿಯರೆಲ್ಲ ತಲೆಗೆ ಎರೆದುಕೊಂಡು ಬೇವಿನ ಮರದ ಕೆಳಗೆ ಕಾಯುವುದು ನಮ್ಮಲ್ಲಿ ರೂಢಿ. ಬಂದವರು ಗೇಟಿನ ವಹಿಯಲ್ಲಿ ಬರೆಸಿದ ಮೇಲೆ ಕಾವಲುಗಾರ ಮೆಹಬೂಬಸಾಬರು ಮಗುವಿನ ಹೆಸರು ಕೂಗುತ್ತಿದ್ದರು. ಮೂರು ತಿಂಗಳು ನಾನೂ ಎರೆದುಕೊಂಡು ಕುಳಿತೆ. ಕೂದಲು ಒಣಗಿದ ಮೇಲೆ ಎದ್ದು ಒಳಗೆ ಹೋಗುತ್ತಿದ್ದೆ.

ಒಂದು ಭಾನುವಾರ ಕೂಗು ಬಂತು: "ಬೇವೂರಿನ ಮಲ್ಲೇಶ್ವರೀ! ನಿನ್ನ ನೋಡಾಕ ಬಂದಾರ, ಬಾರವಾ!"

ಓಡಿದೆ. ಮೇಡಂ ನಿಂತಿದ್ದರು. ಶಾಲೆಯೊಳಗೇ ವಾಸವಿದ್ದ ಅವರು ಹಿಂದಿನ ಬಾಗಿಲಿನಿಂದ ಹೊರಬಿದ್ದು, ಕಂಪೌಂಡನ್ನು ಸುತ್ತಿ, ಸೇಂಗಾದ ಪೊಟ್ಟಣ ಹಿಡಿದು, ಉಳಿದವರ ತಂದೆತಾಯಿಗಳ ಹಿಂದೆ ಸರದಿಯಲ್ಲಿ ನಿಂತು ಹೆಸರು ಬರೆಸಿದ್ದರು. ವಹಿಯ ಕೊನೆಯ ಕಾಲಂ ಇನ್ನೂ ಖಾಲಿಯಿತ್ತು.

"ಸಂಬಂಧ ಏನಂತ ಬರೀಲಿರಿ, ಮೇಡಮ್ಮಾರ?" ಎಂದರು ಮೆಹಬೂಬಸಾಬರು.

"ಬೇಕಾದಾಕಿ ಅಂತ ಬರೀರಿ."

ಗೆಳತಿ ರೂಪಾ ಸುಮ್ಮನಿರಲಿಲ್ಲ: "ಒಳಗಿದ್ದಾರು ಹೊರಗಿಂದ ಬಂದ್ರ ಬೀಗರಾಗ್ತಾರೇನ್ರಿ?"

"ಆಗ್ತಾರವಾ. ಬೀಗರಿಗೆ ಚಾ ಯಾಕ ತಂದಿಲ್ಲ ಇನ್ನಾ?" ಎಂದರು ಮೇಡಂ.

ನಾವಿಬ್ಬರೂ ಕಲ್ಲುಬೆಂಚಿನ ಮೇಲೆ ಒಂದು ತಾಸು ಸೇಂಗಾ ಸುಲಿದೆವು. ಅಂದು ಗಣಿತದ ನೋಟಿನ ಕೊನೆಯ ಹಾಳೆಯಲ್ಲಿ ಒಂದು ಸಾಲು ಬರೆದೆ: "ನನ್ನ ಹೆಸರು ಕೂಗಿದರು." ನನ್ನ ಡೈರಿ ಶುರುವಾದದ್ದು ಹಾಗೆ. ಐದು ವರ್ಷ, ಅವ್ವ ಬಾರದ ಒಂದು ಭಾನುವಾರವನ್ನೂ ಅವರು ತಪ್ಪಿಸಲಿಲ್ಲ.

ಅವರನ್ನು ನೋಡಲು ಯಾರು ಬರುತ್ತಾರೆಂದು ಮಾತ್ರ ನಾನು ಒಮ್ಮೆಯೂ ಯೋಚಿಸಲಿಲ್ಲ. ಶಾಲೆ ಬಿಟ್ಟ ಮೇಲೆ ಎರಡು ಸಲ ಅಳವಂಡಿ ಬಸ್ಸು ಹತ್ತಿ, ಹೋಗಿ ಏನು ಮಾತಾಡಲಿ ಎಂದು ಹೆದರಿ, ಇಳಿದುಬಿಟ್ಟೆ. ಪದವಿಯೂ ಮುಗಿಯಿತು. ಬೇಸಿಗೆಯಲ್ಲಿ ಮೇಡಂ ನಿವೃತ್ತರಾಗಿ ತಮ್ಮ ದೇಶಕ್ಕೆ ಮರಳುತ್ತಾರೆಂದು ಈ ಸಂಪುಟದ ಸಂಪಾದಕರು ತಿಳಿಸಿದಾಗ, ಉಳಿದಿದ್ದದ್ದು ನಾಲ್ಕೇ ಭಾನುವಾರ.

ಈ ಸಲ ಇಳಿಯಲಿಲ್ಲ. ಸೇಂಗಾ ಕೊಂಡು, ಸರದಿಯಲ್ಲಿ ನಿಂತು, ಕೊನೆಯ ಕಾಲಂನಲ್ಲಿ "ಬೇಕಾದಾಕಿ" ಎಂದು ಬರೆದೆ. ಈಗ ದಪ್ಪ ಕನ್ನಡಕ ಹಾಕುವ ಮೆಹಬೂಬಸಾಬರು ಅದನ್ನು ಎರಡು ಸಲ ಓದಿದರು.

"ಬರೋಬ್ಬರಿ ಬರದೀಯೇನವಾ? ಇಪ್ಪತ್ತೊಂದು ವರ್ಷದಾಗ ಮೇಡಮ್ಮಾರನ್ನ ನೋಡಾಕಂತ ಈ ವಹಿಯಾಗ ಯಾರೂ ಬರಸಿಲ್ಲ."

ಆಮೇಲೆ ಮೆಟ್ಟಿಲೇರಿ ನಿಂತು ಕೂಗಿದರು: "ಆನ್ನೆಕೆ ಮೇಡಮ್ಮಾರ! ನಿಮ್ಮನ್ನ ನೋಡಾಕ ಬಂದಾರ, ಬರ್ರೀ!"

ಮೇಡಂ ಬೇವಿನ ಮರದ ಕೆಳಗಿನಿಂದ ಎದ್ದು ಬಂದರು. ಅವರ ಬಿಳಿಗೂದಲು ಇನ್ನೂ ಒದ್ದೆಯಿತ್ತು.

ತಮ್ಮೂರಿನಲ್ಲಿ ಪರದೇಶದಿಂದ ಬಂದ ಮಕ್ಕಳಿಗೆ ಗಣಿತ ಹೇಳಿಕೊಡುವೆನೆಂದರು. ಆ ಕೆಲಸವೂ ಅವರ ಕೈಹಿಡಿಯಲಿ. ಮೇಡಂ ನೂರು ಕಾಲ ಬಾಳಲಿ. ಅವರಿರುವ ಊರಿನಲ್ಲಿ ಪ್ರತಿ ಭಾನುವಾರ, ಕೂದಲು ಒಣಗುವ ಮುನ್ನ, ಯಾರಾದರೂ ಅವರ ಹೆಸರು ಕೂಗಲಿ.