ಕಾಲಿಗಿಳಿದ ಎರಡು

ನನ್ನ ಅಕ್ಕನ ಗಂಡ ಬೋರ್ಡ್ ಬರೆಯುವವರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಾನು ಬಿಟ್ಟದ್ದು ಐದಕ್ಕೆ, ಆ ಒಂದು ಕ್ಲಾಸಿನ ಗತ್ತನ್ನು ಇನ್ನೂ ಬಿಟ್ಟಿಲ್ಲ. ಒಂದು ಕಾಲಕ್ಕೆ ನಮ್ಮ ಪೇಟೆಬೀದಿಯ ಅರ್ಧ ಅಂಗಡಿಗಳ ಹಣೆಬರಹ ಬರೆದವರು ಭಾವ. ಔಷಧದ ಅಂಗಡಿ, ಸೈಕಲ್ ರಿಪೇರಿ, ಹಲ್ಲಿನ ಡಾಕ್ಟರು, ಎಲ್ಲರ ನೆತ್ತಿಯ ಮೇಲೂ ಅವರದೇ ಅಕ್ಷರ. ಅಕ್ಷರ ಚೆನ್ನಾಗಿದೆ ಎಂದು ಅವರು ಯಾವತ್ತೂ ಹೇಳುತ್ತಿರಲಿಲ್ಲ. "ಕೂತಿದೆ" ಎನ್ನುತ್ತಿದ್ದರು. ಗೆರೆಯ ಮೇಲೆ ಕೂತರೆ ಅದು ಅಕ್ಷರ, ಕೂರದಿದ್ದರೆ ಬರೀ ಗೀಚು.

ಆಮೇಲೆ ಫ್ಲೆಕ್ಸ್ ಮುದ್ರಿಸುವ ಯಂತ್ರಗಳು ಬಂದವು. ಅರ್ಧ ಗಂಟೆಯಲ್ಲಿ ಬೋರ್ಡು, ಅದರ ಜೊತೆಗೆ ಅಂಗಡಿಯವನ ನಗುಮುಖದ ಫೋಟೊ. ಭಾವನ ಬ್ರಷ್ಷುಗಳು ಎರಡು ವರ್ಷ ಸೀಮೆಎಣ್ಣೆ ಡಬ್ಬಿಯಲ್ಲಿ ನಿಂತೇ ಇದ್ದವು. ಅಕ್ಕ ಒಬ್ಬ ದರ್ಜಿಯ ಬಳಿ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದಳು. ಭಾವ ಮನೆಯಲ್ಲಿ ಪಾತ್ರೆ ತೊಳೆದರು, ಬಟ್ಟೆ ಮಡಚಿದರು, ಯಾರನ್ನೂ ದೂರಲಿಲ್ಲ.

"ಬೀನ್ಸ್ ಹೆಚ್ಚೋಕೆ ಕೊಟ್ರೆ ಇವರು ಸ್ಕೇಲ್ ಹುಡುಕ್ತಾರೆ ಕಣೋ. ಅಷ್ಟರಲ್ಲಿ ನಾನು ಕೆಲಸಕ್ಕೆ ಹೋಗಿ ಬಂದಿರ್ತೀನಿ" ಎಂದು ಅಕ್ಕ ನನ್ನ ಮುಂದೆ ಆಡಿಕೊಂಡಳು. ನಕ್ಕಳು, ಆದರೆ ಆ ನಗು ಕಣ್ಣಿನವರೆಗೆ ಹೋಗಲಿಲ್ಲ.

ನಾನು ಟಿವಿ ಧಾರಾವಾಹಿಗಳ ಸೆಟ್‌ನಲ್ಲಿ ಬಡಗಿ. ಮನೆಯಿಲ್ಲದ ಬಾಗಿಲು, ಹಿಂಬದಿಯಿಲ್ಲದ ಬೀರು ಮಾಡುವುದು ನನ್ನ ಕಸುಬು. ಆ ವರ್ಷ ನಮ್ಮ ಕಂಪನಿಯವರು ಅತ್ತೆ ಸೊಸೆಯರನ್ನು ಬಿಟ್ಟು ಭೌತವಿಜ್ಞಾನಿಗಳನ್ನು ಹಿಡಿದರು. ಹೆಸರಾಂತ ಮೂವರ ಬದುಕು, ಒಬ್ಬೊಬ್ಬರಿಗೆ ಹತ್ತು ಕಂತು. ಟಿವಿಯಲ್ಲಿ ವಿಜ್ಞಾನಿ ಎಂದರೆ ಕೆದರಿದ ಕೂದಲು, ಆರಿಹೋದ ಕಾಫಿ, ಊಟಕ್ಕೆ ಕರೆದು ಕರೆದು ಸಾಕಾದ ಹೆಂಡತಿ. ಇವೆಲ್ಲದರ ಹಿಂದೆ ಗೋಡೆಯಗಲದ ಕರಿಹಲಗೆ. ಹಲಗೆ ಮಾಡಿದ್ದು ನಾನು. ಅದರ ಮೇಲೆ ಬರೆಯುವವರು ಬೇಕಾಗಿತ್ತು. ನಾಯಕನಟನ ಬರವಣಿಗೆ ಕಾಗೆಕಾಲು ಗುಬ್ಬಿಕಾಲು. ನನ್ನ ಭಾವ ಇದ್ದಾರೆ, ಅವರ ಕೈಗೆ ನಾನು ಜವಾಬ್ದಾರಿ ಎಂದು ಮ್ಯಾನೇಜರಿಗೆ ಹೇಳಿ ಕರೆತಂದೆ.

ಲೆಕ್ಕಗಳನ್ನು ಬರೆದು ಕೊಡಲು ಒಬ್ಬ ಕಾಲೇಜು ಮೇಷ್ಟ್ರು ಇದ್ದರು. ಅವರು ಹಾಳೆಯಲ್ಲಿ ಬರೆದು ಕೊಡುವುದು, ಭಾವ ಅದನ್ನು ಹಲಗೆಗೆ ಏರಿಸುವುದು. ಭಾವ ಬಂದ ದಿನವೇ ಸುಣ್ಣದ ದಾರ ಬಡಿದು ಗೆರೆ ಹಾಕಿದರು. ಚಾಕ್‌ಪೀಸನ್ನು ಸಕ್ಕರೆ ನೀರಿನಲ್ಲಿ ನೆನೆಸಿ ಬರೆದರು. ಅಕ್ಷರ ಹಾಲು ಚೆಲ್ಲಿದ ಹಾಗೆ ಬಿಳಿಯಾಗಿ ಎದ್ದು ಕಂಡಿತು. ಡೈರೆಕ್ಟರ್ ಮೇಡಂ ನೋಡಿ, ಕೊನೆಯ ದಿನ ವಿಜ್ಞಾನಿಯ ಕೈಯನ್ನು ಹತ್ತಿರದಿಂದ ತೋರಿಸುವ ಶಾಟ್ ಇದೆ, ಅದಕ್ಕೂ ಇವರ ಕೈಯೇ ಇರಲಿ ಎಂದರು. ಮುಂದಿನ ಇಪ್ಪತ್ತು ಕಂತಿನ ಹಲಗೆಗಳೂ ಭಾವನಿಗೇ ಎಂದು ಮಾತಾಯಿತು.

ಅಕ್ಕನಿಗೆ ಹೇಳಿದಾಗ ಕೇಳಿದಳು, "ಕೈ ಮಾತ್ರಾನಾ? ಮುಖ ಇಲ್ವಾ?"

"ಮುಖಕ್ಕೆ ಬೇರೆಯವರಿದಾರೆ ಕಣೇ" ಎಂದರು ಭಾವ.

"ಅದೂ ಒಳ್ಳೇದೇ ಬಿಡಿ."

ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಜೋರಾಗಿ ನಗು ಕೇಳಿದೆ.

ಮೇಷ್ಟ್ರು ಹಾಳೆಗಳನ್ನು ಕೊಟ್ಟು ಜ್ವರ ಬಂದು ಮಲಗಿದರು. ಮೂರು ದಿನ ಶೂಟಿಂಗ್ ನಡೆಯಿತು. ನಾಲ್ಕನೇ ದಿನ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ಬಂದರು. ಹಲಗೆಯ ಮುಂದೆ ನಿಂತವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಈ ಎರಡುಗಳೆಲ್ಲ ಯಾಕೆ ಕೆಳಗಿಳಿದಿವೆ?"

ಅಕ್ಷರದ ತಲೆಯ ಬಲಬದಿಗೆ ಇರಬೇಕಾದ ಪುಟ್ಟ ಎರಡು, ಹಲಗೆಯ ತುಂಬ ಅಕ್ಷರದ ಕಾಲಿನ ಬಳಿ ನೇತಾಡುತ್ತಿತ್ತು. ಒಂದಲ್ಲ, ಎರಡಲ್ಲ, ಹದಿನಾಲ್ಕು ಕಡೆ. ಮೂರು ದಿನ ತೆಗೆದ ಶಾಟ್‌ಗಳಲ್ಲೆಲ್ಲ ಅದೇ.

"ಇದು ಪ್ರಸಾರ ಆದ್ರೆ ನನ್ನ ವಿದ್ಯಾರ್ಥಿಗಳು ನನಗೆ ಕ್ಲಾಸ್ ತಗೊಳ್ತಾರೆ. ನನ್ನ ಹೆಸರು ಹಾಕಬೇಡಿ" ಎಂದರು ಮೇಷ್ಟ್ರು.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಏನಯ್ಯಾ, ನಿನ್ನ ಭಾವನ ಕೈಗೆ ನೀನು ಜವಾಬ್ದಾರಿ ಅಂದಿದ್ದೆಯಲ್ಲ? ಇಬ್ಬರೂ ಸಾಮಾನು ಕಟ್ಟಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕೆ ಕುಕ್ಕಿದೆ. "ಹಾಳೆಯಲ್ಲೇ ಹಾಗಿತ್ತು! ಜ್ವರದ ಕೈಯಲ್ಲಿ ಬರೆದು ಕೊಟ್ಟು, ಈಗ ನಮ್ಮ ತಲೆಗೆ ಕಟ್ತಾರೆ!"

ಹಾಳೆಯಲ್ಲಿ ಹೇಗಿತ್ತೋ ನಾನು ನೋಡಿದವನೇ ಅಲ್ಲ. ಹಾಳೆಗಳು ಹಿಂದಿನ ಸಂಜೆಯೇ ಮರದ ಹೊಟ್ಟಿನ ಜೊತೆ ಕಸಕ್ಕೆ ಹೋಗಿದ್ದವು. ಅದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರ ಮುಖ ಸಣ್ಣಗಾಯಿತು. "ಹಾಗೆ ಬರೆದೆನಾ ನಾನು?" ಎಂದು ತಮ್ಮನ್ನೇ ಕೇಳಿಕೊಂಡರು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ತಪ್ಪು ಅವರ ಮೇಲೆ ಹೋಗುತ್ತಿತ್ತು, ನಮ್ಮ ಕೆಲಸ ಉಳಿಯುತ್ತಿತ್ತು.

ಭಾವ ಏಣಿಯಿಂದ ಇಳಿದು ಬಂದರು. "ಇಲ್ಲ ಸಾರ್. ಹಾಳೇಲಿ ಮೇಲೇ ಇತ್ತು. ಇಳಿಸಿದ್ದು ನಾನು."

"ಯಾಕ್ರೀ ಇಳಿಸಿದ್ರಿ?" ಮೇಡಂ ಕೇಳಿದರು.

"ಚಿಕ್ಕ ಅಕ್ಷರ ಅಂದ್ರೆ ಒತ್ತು ಅಲ್ವಾ ಮೇಡಂ? ಅಮ್ಮ ಅನ್ನೋದರಲ್ಲಿ ಮಕಾರದ ಒತ್ತು ಕೆಳಗೆ, ಅಕ್ಕ ಅನ್ನೋದರಲ್ಲಿ ಕಕಾರದ ಒತ್ತು ಕೆಳಗೆ. ತಲೆ ಮೇಲೆ ಒತ್ತು ಕೊಟ್ಟೋರನ್ನ ಮೂವತ್ತು ವರ್ಷದಲ್ಲಿ ನಾನು ಕಂಡಿಲ್ಲ. ಹಾಳೇಲಿ ಕೆಲವು ಕೆಳಗೂ ಇದ್ವು, ಕೆಲವು ಮೇಲೂ ಇದ್ವು. ಮೇಷ್ಟ್ರಿಗೆ ಜಾಗ ಸಾಲದೆ ಮೇಲೆ ಹಾಕಿದಾರೆ ಅಂದ್ಕೊಂಡೆ. ಒಂದೇ ಬೋರ್ಡಲ್ಲಿ ಎರಡು ಥರ ಬರೆದ್ರೆ ಅಂಗಡಿಯವರು ಬೈತಾರೆ. ಎಲ್ಲಾ ಒಂದೇ ಸಮ ಕೂರಿಸಿದೆ."

ಯಾರೋ ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಭಾವನನ್ನು ಕರೆದು ಸೆಟ್‌ನ ನೆಲ ತೋರಿಸಿದರು. ಬಣ್ಣದಲ್ಲಿ ಬರೆದ ಚೌಕಗಳ ನೆಲ.

"ಈ ಕಡೆ ಮೂರು ಚೌಕ, ಆ ಕಡೆ ಮೂರು. ಒಟ್ಟು?"

"ಒಂಬತ್ತು."

"ಮೂರನ್ನ ಮೂರರಿಂದಲೇ ಗುಣಿಸಿದ್ರಿ. ತಲೆ ಮೇಲಿನ ಎರಡು ಅಂದ್ರೆ ಅದು. ಕಾಲ ಬಳಿ ಎರಡು ಅಂದ್ರೆ ಬರೀ ಹೆಸರು. ಎರಡನೇ ಮಗ ಅಂತೀವಲ್ಲ, ಹಾಗೆ. ಗುಣಾಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ."

ಭಾವ ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಅಂದ್ರೆ ಗುಣಿಸಬೇಕಾದ್ದಕ್ಕೆಲ್ಲ ಮೂರು ದಿನ ಕೂತು ನಾಮಕರಣ ಮಾಡಿದೀನಿ."

ಈ ಸಲ ಮೇಷ್ಟ್ರೂ ನಕ್ಕರು.

ಮೇಡಂ ನಗುವ ಸ್ಥಿತಿಯಲ್ಲಿರಲಿಲ್ಲ. ಎರಡು ದಿನದಲ್ಲಿ ಎಲ್ಲವನ್ನೂ ಮತ್ತೆ ತೆಗೆಯುವುದು, ಮೂರನೇ ದಿನ ಬೆಳಿಗ್ಗೆ ಕೈಯ ಶಾಟ್, ಅಂದು ಮಧ್ಯಾಹ್ನ ಸೆಟ್ ಒಡೆಯುವುದು ಎಂದು ತೀರ್ಮಾನ ಹೇಳಿದರು. "ಇಷ್ಟು ನೇರ ಬರೆಯೋರು ಈಗ ಬೇರೆ ಸಿಗಲ್ಲ, ಅದಕ್ಕೇ ಇಟ್ಕೋತಿದೀನಿ. ಇನ್ನೊಂದು ಎರಡು ಕೆಳಗಿಳಿದ್ರೆ ಭಾವ ಭಾಮೈದ ಇಬ್ಬರೂ ಮನೆಗೆ" ಎಂದರು.

ನನ್ನ ಸುಳ್ಳಿಗೆ ಮೇಷ್ಟ್ರ ಹತ್ತಿರ ತಪ್ಪಾಯಿತು ಎನ್ನಬೇಕಾಗಿತ್ತು. ಹೋಗಿ ಒಂದು ಲೋಟ ಕಾಫಿ ಕೊಟ್ಟೆ. ಅವರು ತೆಗೆದುಕೊಂಡರು. ಅಷ್ಟರಲ್ಲೇ ಮುಗಿಸಿದೆವು.

ಎರಡು ದಿನ ಮೇಷ್ಟ್ರು ಹಲಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಕೂಗಿದರು, ಭಾವ ಬರೆದರು. "ತಲೆಗೆ ಎರಡು." "ಕಾಲಿಗೆ ಒಂದು." ಮೇಷ್ಟ್ರು ಮರೆತರೆ ಭಾವನೇ ಕೇಳುತ್ತಿದ್ದರು, "ಇದು ಹೆಸರಾ, ಗುಣಾಕಾರಾನಾ?" ಲೈಟ್ ಹಿಡಿಯುವವರು, ಮೇಕಪ್‌ನವರು ಎಲ್ಲರ ಬಾಯಲ್ಲೂ ಅದೇ ಮಾತಾಯಿತು. ನಾಯಕನಟ ಎರಡನೇ ಸಲ ತಿಂಡಿ ಕೇಳಿದರೆ ಅಡುಗೆಯವನು, "ಯಜಮಾನ್ರೇ, ತಲೆಗೆ ಎರಡಾ?" ಎನ್ನುತ್ತಿದ್ದ.

ಆದರೆ ಕೈಯ ಶಾಟ್‌ನಲ್ಲಿ ಕೂಗುವಂತಿರಲಿಲ್ಲ. ಚಾಕ್‌ಪೀಸಿನ ಸದ್ದು ಬೇಕು, ಯಾರೂ ಉಸಿರೆತ್ತಬಾರದು ಎಂದರು ಮೇಡಂ. ಹಾಳೆ ನೋಡುವಂತೆಯೂ ಇಲ್ಲ. ಒಂದೇ ಸಾಲು, ತಡೆಯದೆ ಬರೆಯಬೇಕು. ಆ ಸಾಲಿನಲ್ಲಿ ಕಾಲಿಗೆ ಒಂದು ಇತ್ತು, ಅದಾದ ಮೇಲೆ ತಲೆಗೆ ಎರಡು. ಭಾವನಿಗೆ ವಿಜ್ಞಾನಿಯ ಕೋಟು ಹಾಕಿಸಿದರು. ಉಗುರಿನ ಸಂದಿಯ ಹಳೇ ಪೇಂಟನ್ನು ಮೇಕಪ್‌ನವರು ಅರ್ಧ ಗಂಟೆ ತಿಕ್ಕಿದರು.

ಕ್ಯಾಮೆರಾ ಓಡಿತು. ಭಾವ ಬರೆದರು. ಮೊದಲ ಅಕ್ಷರ, ಅದರ ಕಾಲಿಗೆ ಒಂದು. ಸರಿ. ಸಮ ಎಂಬ ಎರಡು ಗೆರೆ. ಆಮೇಲಿನ ಅಕ್ಷರ ಬರೆದು ಮುಗಿಸಿದರು. ಚಾಕ್‌ಪೀಸು ಅಕ್ಷರದ ಕಾಲಿನ ಬಳಿಗೆ ಇಳಿಯಿತು. ಹಲಗೆಗೆ ಇನ್ನೇನು ತಾಗಬೇಕು, ನಿಂತಿತು.

ನಾನು ಬಾಯಿ ತೆರೆದೆ. ಮೇಷ್ಟ್ರು ನನ್ನ ರಟ್ಟೆ ಹಿಡಿದರು. ಜ್ವರ ಬಿಟ್ಟ ಕೈಯಲ್ಲಿ ಅಷ್ಟು ಬಲ ಇರುತ್ತದೆಂದು ಗೊತ್ತಿರಲಿಲ್ಲ. ಕೈ ನಿಂತೇ ಇತ್ತು. ಆಮೇಲೆ ನಿಧಾನವಾಗಿ ಮೇಲೇರಿ, ಅಕ್ಷರದ ತಲೆಯ ಬಲಕ್ಕೆ ಪುಟ್ಟ ಎರಡನ್ನು ಕೂರಿಸಿತು.

"ಕಟ್!" ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಅದ್ಭುತ! ಆ ನಿಲ್ಲಿಸಿದ್ದು ಇದೆಯಲ್ಲ, ಇಡೀ ವಿಜ್ಞಾನಿ ಅಲ್ಲಿದಾರೆ. ಯಾರು ಹೇಳಿಕೊಟ್ರು ನಿಮಗೆ?"

ಭಾವ ಕೋಟು ಬಿಚ್ಚುತ್ತಾ, "ಯಾರೂ ಇಲ್ಲ ಮೇಡಂ" ಎಂದರು.

ಎರಡು ತಿಂಗಳ ಮೇಲೆ ಆ ಕಂತು ಬಂದ ದಿನ ಅಕ್ಕನ ಮನೆಯಲ್ಲಿ ಕೂತು ನೋಡಿದೆವು. ಭಾವ ಅಷ್ಟರಲ್ಲಿ ಎರಡನೇ ವಿಜ್ಞಾನಿಯ ಹಲಗೆಗಳನ್ನು ಬರೆಯುತ್ತಿದ್ದರು. ಕೈ ತೆರೆಯ ತುಂಬ ಕಾಣಿಸಿತು. ನಿಂತ ಜಾಗದಲ್ಲಿ ಪಿಟೀಲು ಬೇರೆ ಸೇರಿಸಿದ್ದರು. ಪಕ್ಕದ ಮನೆಯ ಅಜ್ಜಿ, "ಪಾಪ, ಎಷ್ಟು ಯೋಚನೆ ಮಾಡ್ತಾನೆ ನೋಡು" ಎಂದರು.

ಅಕ್ಕ ಗಂಡನ ಕಡೆ ತಿರುಗಿದಳು. "ರೀ, ನಿಜ ಹೇಳಿ, ಅಲ್ಲಿ ಏನು ಯೋಚನೆ ಮಾಡ್ತಿದ್ರಿ?"

"ಯೋಚನೆ ಏನೂ ಇಲ್ಲ ಕಣೇ" ಎಂದರು ಭಾವ. "ಕೈ ತನ್ನಷ್ಟಕ್ಕೆ ಕೆಳಗೆ ಹೊರಟಿತ್ತು. ಹಿಡಿದು ನಿಲ್ಲಿಸಿದೆ."