ನಾಲ್ಕು ಕುರ್ಚಿಯ ಸಮುದ್ರ

ನಮ್ಮ ಊಟದ ಕೋಣೆಗೆ ಸಮುದ್ರ ಬಂದು ಒಂದೂವರೆ ತಿಂಗಳಾಯಿತು. ಈಗಲೂ ಬೆಳಿಗ್ಗೆ ನಿದ್ದೆಗಣ್ಣಲ್ಲಿ ನೀರು ಕುಡಿಯಲು ಅಲ್ಲಿಗೆ ಕಾಲಿಟ್ಟರೆ ಎದೆ ಧಸಕ್ಕೆನ್ನುತ್ತದೆ. ಶಹಾಬಾದಿನ ಗಾಳಿಯಲ್ಲಿ ಕಲ್ಲಿನ ಧೂಳು ಬಿಟ್ಟರೆ ಬೇರೇನೂ ತೇಲುವುದನ್ನು ನಾನು ಕಂಡಿಲ್ಲ. ಅಂಥ ಊರಿನ ಮನೆಯೊಳಗೆ ಎರಡು ಗೋಡೆಯ ತುಂಬ ನೀಲಿ ನೀರು, ಹಗ್ಗ ಸುತ್ತಿದ ಕನ್ನಡಿ, ಶಂಖ, ಕವಡೆ, ಮೂಲೆಯಲ್ಲಿ ದೋಣಿಯ ಹುಟ್ಟು. ದೋಣಿ ಎಲ್ಲಿ ಎಂದು ದಯವಿಟ್ಟು ಕೇಳಬೇಡಿ. ನಾನೂ ಕೇಳಿಲ್ಲ.

ಇದು ಸೊಸೆ ಕವಿತಾಳ ಕೆಲಸ. ಆಕೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮೊಬೈಲಿನಲ್ಲಿ ಯಾರದೋ ಮನೆ ನೋಡಿ, ಟ್ರಾಪಿಕಲ್ ಮತ್ತು ಕೋಸ್ಟಲ್ ಎರಡನ್ನೂ ಕೂಡಿಸಿ ಊಟದ ಕೋಣೆ ಹೊಸದು ಮಾಡುತ್ತೇನೆ, ಎಲ್ಲರೂ ಕೂಡಿ ಉಣ್ಣೋಣ ಎಂದಳು. ನಾನು ಮ್ಯಾಟ್ರಿಕ್ ಪಾಸಾದವನು. ಟ್ರಾಪಿಕಲ್ ಎಂದರೆ ಉಷ್ಣವಲಯ ಎಂದು ನನಗೂ ಗೊತ್ತು. ಮೇ ತಿಂಗಳಲ್ಲಿ ನಮ್ಮ ಅಂಗಳದ ಫರಸಿ ಕಲ್ಲಿನ ಮೇಲೆ ಬರಿಗಾಲಿಟ್ಟು ಕುಣಿದವನಿಗೆ ಉಷ್ಣವಲಯವನ್ನು ಬೇರೆ ಗೋಡೆಗೆ ಅಂಟಿಸಿ ತೋರಿಸಬೇಕೆ? ಆದರೂ ಮೂರನೆಯ ಗೋಡೆಗೆ ಕಾಡು ಬಂತು. ಆಡು ಮೇಯ್ದು ಬಿಟ್ಟಂಥ ಹರಕು ಎಲೆಗಳು, ನಡುವೆ ಉದ್ದ ಕೊಕ್ಕಿನ ಹಕ್ಕಿ. ಕಾಡು ನೋಡಬೇಕೆಂದರೆ ಕುಂಚಾವರಂ ಇರಲಿಲ್ಲವೆ? ಬಸ್ಸು ಹತ್ತಿದರೆ ಮುಗಿಯಿತು.

ಇದನ್ನೆಲ್ಲ ತಡೆದುಕೊಂಡೆ. ಮೀನು ಬಂದ ದಿನ ಮಾತ್ರ ತಡೆಯಲಾಗಲಿಲ್ಲ. ಕಟ್ಟಿಗೆಯಲ್ಲಿ ಕೆತ್ತಿದ ಮೊಳದುದ್ದದ ಮೀನು. ಅಜ್ಜನ ಕಾಲದಿಂದ ಮೀನಿನ ವಾಸನೆಯೂ ಕಾಣದ ಮನೆ ನಮ್ಮದು. ಲಿಂಗಪೂಜೆ ಮುಗಿಸಿ ಊಟಕ್ಕೆ ಬಂದರೆ ಎದುರಿಗೆ ಅದು ಬಾಯಿ ತೆರೆದುಕೊಂಡು ನನ್ನ ತಟ್ಟೆಯನ್ನೇ ನೋಡುತ್ತಿದೆ. ಬಣ್ಣ ಬಳಿಯುತ್ತಿದ್ದ ಮೌಲಾಸಾಬನ ಮುಂದೆ ಗೋಳು ತೋಡಿಕೊಂಡೆ. ಅವನು ನಮ್ಮ ಓಣಿಯವನೇ, ನಗದೆ ಒಂದು ಮಾತೂ ಆಡದ ಮನುಷ್ಯ. "ಶರಣಪ್ಪ ಕಾಕಾ, ಅದು ನಿಮಗ ಹೆದರಿ ಬಾಯಿ ತೆರದದ. ನೀವ್ಯಾಕ ಅದಕ್ಕ ಹೆದರ್ತೀರಿ?" ಎಂದ.

ಸಮುದ್ರಕ್ಕೂ ನಮಗೂ ಏನು ಸಂಬಂಧ ಎಂದು ಸೊಸೆಯನ್ನು ಕೇಳಿದಾಗ ಆಕೆ ಬೆರಳು ನೆಲಕ್ಕೆ ತೋರಿಸಿದಳು. ನಾವು ತುಳಿಯುವ ಈ ಫರಸಿ ಕಲ್ಲು ಕೋಟಿಗಟ್ಟಲೆ ವರ್ಷದ ಹಿಂದೆ ಸಮುದ್ರದ ತಳದ ಕೆಸರಾಗಿತ್ತಂತೆ. ಪದರದ ಮೇಲೆ ಪದರ ಕೂತು ಕಲ್ಲಾಯಿತಂತೆ. ನಾನು ಬೆಚ್ಚಿಬಿದ್ದೆ. ಪಾಲಿಶ್ ಕಾರಖಾನೆಯಲ್ಲಿ ಮೂವತ್ತು ವರ್ಷ ಲಾರಿಗೆ ಏರುವ ಫರಸಿ ಎಣಿಸಿದವನು ನಾನು. ಅಷ್ಟು ವರ್ಷ ಸಮುದ್ರವನ್ನೇ ಎಣಿಸುತ್ತಿದ್ದೆ ಎಂದು ಯಾರೊಬ್ಬರೂ ಹೇಳಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನೀವು ನಕ್ಕು ಎದ್ದು ಹೋಗಬಹುದು. ಆದರೆ ನಾನು ಒಪ್ಪಿಕೊಳ್ಳಬೇಕಾದ್ದು ಗೋಡೆಯ ಮೇಲಿನದಲ್ಲ.

ಕವಿತಾ ಶಾಲೆಗೆ ಹೋಗುವಾಗ ಮೊಬೈಲು ಮರೆತು ಹೋಗಿದ್ದ ದಿನ ಅದು. ಕಲಬುರಗಿಯ ಬೆತ್ತದ ಅಂಗಡಿಯವನ ಫೋನು ಬಂತು, ನಾನು ಎತ್ತಿದೆ. ಮೇಡಂ ಗುಂಡು ಟೇಬಲ್ ಹೇಳಿದ್ದಾರೆ, ಕುರ್ಚಿ ಎಷ್ಟು ಎಂದು ಹೇಳಿಲ್ಲ, ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿ ಎಂದು ಕೇಳಿದ. "ನಾಕು ಮಂದಿ" ಎಂದೆ. ಯೋಚನೆ ಮಾಡಲೇ ಇಲ್ಲ. ನಾನು, ವಾಡಿ ಜಂಕ್ಷನ್ನಿನಲ್ಲಿ ಗಾರ್ಡ್ ಆಗಿರುವ ಮಗ, ಇಬ್ಬರು ಮೊಮ್ಮಕ್ಕಳು. ಲೆಕ್ಕ ಸರಿಯಾಗಿಯೇ ಇತ್ತು ಎಂದು ನನಗನಿಸಿತ್ತು.

ಭಾನುವಾರ ಟೇಬಲ್ ಬಂತು, ಜೊತೆಗೆ ನಾಲ್ಕು ಕುರ್ಚಿ. ಕವಿತಾ ಅಂಗಡಿಯವನಿಗೆ ಫೋನು ಹಚ್ಚಿ ಬಯ್ಯತೊಡಗಿದಳು. ಸ್ಪೀಕರ್ ಹಾಕಿದ್ದಳು, ಅವನ ಉತ್ತರ ಎಲ್ಲರಿಗೂ ಕೇಳಿತು: "ನಿಮ್ಮ ಮಾವನವರೇ ಹೇಳ್ಯಾರ್ರಿ ಮೇಡಂ, ಮನ್ಯಾಗ ಉಣ್ಣೋರು ನಾಕೇ ಮಂದಿ ಅಂತ."

ಯಾರೂ ನಗಲಿಲ್ಲ. ಬಾಗಿಲ ಚೌಕಟ್ಟಿಗೆ ಬಣ್ಣ ಹಚ್ಚುತ್ತಿದ್ದ ಮೌಲಾಸಾಬ ಕೂಡ ತಲೆ ತಗ್ಗಿಸಿ ಖಾಲಿ ಡಬ್ಬಿಯಲ್ಲಿ ಬ್ರಶ್ ತಿರುವತೊಡಗಿದ. ಮೂವತ್ತು ವರ್ಷದಲ್ಲಿ ಒಂದು ಕಲ್ಲನ್ನೂ ತಪ್ಪು ಎಣಿಸದ ನಾನು ನನ್ನ ಮನೆಯಲ್ಲೇ ಹೆಂಡತಿ, ಸೊಸೆ ಇಬ್ಬರನ್ನೂ ಬಿಟ್ಟಿದ್ದೆ. ಮರೆತೆ ಎಂದು ಹೇಳೋಣವೆಂದರೆ ಅದೂ ಸುಳ್ಳು. ಮರೆಯಬೇಕಾದರೆ ಮೊದಲು ನೆನಪಿನಲ್ಲಿ ಇರಬೇಕಲ್ಲ.

ನನ್ನ ಹೆಂಡತಿ ಗುರುಬಾಯಿ ಕೈಯೊರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ವಿಷಯ ಕೇಳಿ ನನ್ನ ಪರವಾಗಿಯೇ ನಿಂತಳು. "ಅವರು ತಪ್ಪೇನು ಹೇಳಿಲ್ಲ ಬಿಡವಾ. ನಾ ಯಾವಾಗ ಹೊರಗ ಕುಂತು ಉಂಡೀನಿ?"

ಬಯ್ದಿದ್ದರೆ ಇಷ್ಟು ತಾಗುತ್ತಿರಲಿಲ್ಲ. ಇನ್ನೊಂದು ಹೇಳಿಬಿಡುತ್ತೇನೆ, ಮುಚ್ಚಿಡುವುದು ಬೇಡ. ಬಸವ ಜಯಂತಿಯಲ್ಲಿ ಪ್ರತಿ ವರ್ಷ ಮೈಕಿನ ಮುಂದೆ ನಿಂತು ಪಂಕ್ತಿಭೇದ ಪಾಪ ಎಂದು ಭಾಷಣ ಮಾಡುವವನು ನಾನೇ. ಶರಣರು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು ಎಂದು ಹೇಳುವಾಗ ನನ್ನ ದನಿ ತಾನೇ ಏರುತ್ತದೆ. ಗುರುಬಾಯಿ ಹೆಂಗಸರ ಕಡೆ ಕೂತು ಅದನ್ನು ಕೇಳುತ್ತಾಳೆ, ಚಪ್ಪಾಳೆಯನ್ನೂ ತಟ್ಟುತ್ತಾಳೆ. ಮನೆಗೆ ಬಂದು ನನಗೆ ಬಡಿಸಿ, ಎಲ್ಲರದೂ ಆದ ಮೇಲೆ ಗ್ಯಾಸಿನ ಸಿಲಿಂಡರಿಗೆ ಒರಗಿ ತಾನು ಉಣ್ಣುತ್ತಾಳೆ. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಕವಿತಾ ಒಂದು ಕುರ್ಚಿ ಎಳೆದು, "ಅತ್ತಿ, ಕುಂದ್ರಿ" ಎಂದಳು. ಎಲ್ಲರದೂ ಆಗಲಿ ಎಂದು ಗುರುಬಾಯಿ ಹಿಂದೆ ಸರಿದಳು.

"ಹಂಗಾದ್ರ ಇದೆಲ್ಲಾ ನಾಳೆ ವಾಪಸ್ ಹೋಗ್ತದ" ಎಂದಳು ಸೊಸೆ. "ನಿಮಗ ಮೊಣಕಾಲು ಮಡಚಲಿಕ್ಕೆ ಬರಂಗಿಲ್ಲ. ದಿನಾ ನೆಲದ ಮ್ಯಾಲ ಕುಂತು, ಏಳಲಿಕ್ಕಾಗದ ಗೋಡಿ ಹಿಡೀತೀರಿ. ಟೇಬಲ್ ತರಸೋಣು ಅಂದ್ರ ನನಗ್ಯಾಕ ಅಂತೀರಿ. ಅದಕ್ಕೇ ಕೋಣಿ ಚಂದ ಮಾಡಸ್ತೀನಿ ಅಂತ ಎಲ್ಲಾರಿಗೂ ಹೇಳಿದೆ."

ಅಂದರೆ ಸಮುದ್ರ, ಕಾಡು, ಆ ಮೀನು, ಎಲ್ಲ ನೆಪ. ಆಕೆಗೆ ಬೇಕಾದದ್ದು ಅತ್ತೆಗೆ ಕೂರಲು ಒಂದು ಜಾಗ. ಅದೊಂದನ್ನೇ ನಾನು ಫೋನಿನಲ್ಲಿ ಕಳೆದು ಹಾಕಿದ್ದೆ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಆಗಲೇ ಒಂದು ಕುರ್ಚಿಯಲ್ಲಿ ಕೂತಿದ್ದೆ ಎಂಬುದು ಆಗ ಗಮನಕ್ಕೆ ಬಂತು. ಎದ್ದು, "ಕುಂದರು, ನಾ ನೀಡ್ತೀನಿ" ಎಂದೆ. ದೊಡ್ಡತನವೇನೂ ಅಲ್ಲ, ಎದ್ದು ನಿಲ್ಲದಿದ್ದರೆ ನೆಲ ಬಾಯಿ ಬಿಡುತ್ತದೆ ಅನಿಸಿತ್ತು.

ಗುರುಬಾಯಿ ಟಿಕೆಟ್ ತೆಗೆಸದೆ ಬಸ್ಸು ಹತ್ತಿದವರ ಹಾಗೆ ಕುರ್ಚಿಯ ತುದಿಗೆ ಕೂತಳು. ನಾನು ರೊಟ್ಟಿ ಹಾಕಿದೆ, ಪಲ್ಯ ಹಾಕಿದೆ, ಎಷ್ಟು ಹಾಕಬೇಕೆಂದು ತಿಳಿಯದೆ ಮತ್ತೂ ಹಾಕಿದೆ. ಆಕೆ ಕೈ ಹಚ್ಚಲಿಲ್ಲ. "ನೀವು ಆ ಕಡಿ ನೋಡ್ರಿ. ನೀವು ನೋಡ್ಲಿಕತ್ರ ನನಗ ತುತ್ತು ಇಳಿಯಂಗಿಲ್ಲ" ಎಂದು ಮೆಲ್ಲಗೆ ಹೇಳಿದಳು. ಆ ಕಡೆ ತಿರುಗಿದೆ. ಹಗ್ಗ ಸುತ್ತಿದ ಕನ್ನಡಿಯಲ್ಲಿ ಆಕೆ ಕಂಡಳು. ಗರಿಗರಿಯಾದ ಕಟಕ ರೊಟ್ಟಿಯನ್ನು ಚೂರು ಮಾಡಿ ಮಜ್ಜಿಗೆಯಲ್ಲಿ ಅದ್ದಿ, ಮೆತ್ತಗಾಗುವ ತನಕ ಬೆರಳಲ್ಲಿ ಒತ್ತುತ್ತಿದ್ದಳು. ಹಾಗೇಕೆ ಎಂದು ಕೇಳಿದೆ. ದವಡೆಹಲ್ಲು ಹೋಗಿ ಆರು ವರ್ಷವಾಯಿತಲ್ಲ ಎಂದಳು, ನನಗೆ ಗೊತ್ತಿರುವ ಸಂಗತಿ ಎಂಬಂತೆ.

ಆ ಆರು ವರ್ಷ ರೊಟ್ಟಿ ಕಟಕಟ ಅನ್ನುತ್ತಿಲ್ಲ ಎಂದು ನಾನು ಎಷ್ಟು ಸಲ ಮುಖ ಗಂಟಿಕ್ಕಿದ್ದೇನೋ. ನಲವತ್ತಮೂರು ವರ್ಷ ಒಂದೇ ಮನೆಯಲ್ಲಿದ್ದು ಹೆಂಡತಿ ಅಗಿಯುವುದನ್ನು ನಾನು ನೋಡಿಯೇ ಇರಲಿಲ್ಲ. ಗೋಡೆಯ ಸಮುದ್ರಕ್ಕೆ ಬೆಚ್ಚಿದ್ದು ಇದರ ಮುಂದೆ ಏನೂ ಅಲ್ಲ.

ಆಮೇಲೆ ಇನ್ನೆರಡು ಕುರ್ಚಿ ಬಂದವು. ಮೊದಲಿನ ಬಣ್ಣ ಅಂಗಡಿಯಲ್ಲಿ ಮುಗಿದಿತ್ತಂತೆ, ಇವು ಸ್ವಲ್ಪ ಕಪ್ಪು. ಗುರುಬಾಯಿ ಈಗ ಕುರ್ಚಿಯ ತುದಿ ಬಿಟ್ಟು ಒರಗಿ ಕೂರುತ್ತಾಳೆ, ಆದರೂ ಊಟದ ನಡುವೆ ನಾಲ್ಕು ಸಲ ಏಳಲು ಹೊರಡುತ್ತಾಳೆ. ಮೊನ್ನೆ ಕುಕ್ಕರ್ ಕೂಗಿತು. ಅರ್ಧ ಎದ್ದವಳು ಯಾಕೋ ಹಾಗೇ ಕೂತು, "ನೀವೇ ಹೋಗಿ ಬಂದ್ ಮಾಡಿ ಬರ್ರಿ" ಎಂದಳು. ಹೋದೆ. ಯಾವ ಗುಂಡಿ ತಿರುವಬೇಕೆಂದು ಹುಡುಕಿ ಬಂದ್ ಮಾಡಿ ಬಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಒಳಗೇ ಉಳಿದಿದೆ ಎಂದಳು. ಅದನ್ನು ತಂದರೆ ಮಗ ನೀರು ಕೇಳಿದ. ಎಲ್ಲ ಮುಗಿಸಿ ಕೂತಾಗ ನನ್ನ ತಟ್ಟೆಯ ಬಿಸಿ ರೊಟ್ಟಿ ತಣ್ಣಗಾಗಿತ್ತು. ಅದನ್ನೇ ನೋಡುತ್ತ ಕೂತೆ.

"ಆರ್ಯಾದೇನು?" ಎಂದಳು.

"ಆರ್ಯಾದ."

"ಉಣ್ಣರಿ, ಏನಾಗಂಗಿಲ್ಲ."

ಉಂಡೆ. ಏನೂ ಆಗಲಿಲ್ಲ. ಆಗುವುದಿಲ್ಲ ಎಂಬುದು ಆಕೆಗೆ ನಲವತ್ತಮೂರು ವರ್ಷದಿಂದ ಗೊತ್ತಿತ್ತು.